ನಂಬುವುದಿಲ್ಲ ಅಂದರೆ ವಿರೋಧಿ ಅಂತಲಾ? (ಕೋಲದ ವಂತಿಗೆ ವಿಚಾರ)

ಪಡುಗಾಳಿ · ಭಾನುವಾರ ರಾತ್ರಿ 9.40

ಒಂದು ಸಣ್ಣ ಮನೆ ಜಗಳ. ನಿಮ್ಮ ಅಭಿಪ್ರಾಯ ಬೇಕು.

ನಮ್ಮ ಅಮ್ಮನ ಕಡೆಯ ಕುಟುಂಬದ ಮನೆ ಬೆಳ್ಮಣ್ ಹತ್ತಿರ. ಎರಡು ವರ್ಷಕ್ಕೊಮ್ಮೆ ಅಲ್ಲಿ ಕೋಲ, ಅಂದರೆ ಒಬ್ಬರು ದೈವದ ವೇಷ ಕಟ್ಟಿ ಕುಣಿದು ನುಡಿ (ದೈವದ ಮಾತು) ಕೊಡುವ ರಾತ್ರಿಯ ಸೇವೆ. ಈ ಸಲ ಮನೆಗೆ 5,000 ವಂತಿಗೆ ಅಂತ ದೊಡ್ಡ ಮಾವ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ನಾನು ಕಳಿಸಿದೆ. ರಶೀದಿಯ ಫೋಟೋ ಬಂತು, "ದೈವದ ಸೇವೆ ಬಾಬ್ತು". ಅದರ ಕೆಳಗೇ ಅಕ್ಕನ ಮಗಳು ಬರೆದಳು: "ಮಾಮ, ನೀವು ನಾಸ್ತಿಕ ಅಲ್ವಾ? ಯಾವಾಗ ಪಾರ್ಟಿ ಬದಲಾಯಿಸಿದ್ದು?" ಪಿಯುಸಿ ಓದುವ ಹುಡುಗಿ. ಬಾಯಿ ಜಾಸ್ತಿ.

ಗುಂಪಿನಲ್ಲಿ ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಹತ್ತು ನಿಮಿಷ ಬಿಟ್ಟು ಫೋನ್ ಮಾಡಿದರು. "ನಿನಗೆ ಅಷ್ಟು ವಿರೋಧ ಉಂಟಾದರೆ ಹಣ ವಾಪಸ್ ಹಾಕ್ತೇನೆ ಮಾರಾಯ. ಮನಸ್ಸಿಲ್ಲದ ದುಡ್ಡು ದೈವಕ್ಕೆ ಬೇಡ."

ನನಗೆ ವಿರೋಧ ಉಂಟು ಅಂತ ನಾನು ಯಾವತ್ತೂ ಹೇಳಿಲ್ಲ. ನಂಬಿಕೆ ಇಲ್ಲ ಅಂದಿದ್ದೆ, ಅದೂ ಅವರೇ ಕೇಳಿದ್ದಕ್ಕೆ. ನಾನು ಕೋಲಕ್ಕೆ ಹೋಗುತ್ತೇನೆ. ಚಪ್ಪಲಿ ಹೊರಗೆ ಬಿಡುತ್ತೇನೆ. ದೈವ ಕಟ್ಟುವವರಿಗೆ ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಕೊಡುವಾಗ ಹಿಂದೆ ನಿಂತಿರುತ್ತೇನೆ. ಬೆನ್ನಿಗೆ ಅಣಿ (ದೊಡ್ಡ ಪ್ರಭಾವಳಿ) ಕಟ್ಟಿ, ಕಾಲಿನ ಗಗ್ಗರದ ಸದ್ದಿನ ಜೊತೆ ಅವರು ಅಂಗಳಕ್ಕೆ ಇಳಿದಾಗ ನನಗೂ ಮೈ ಜುಮ್ ಅನ್ನುತ್ತದೆ. ಆದರೆ ನುಡಿ ಕೊಡುವುದು ದೈವ ಅಂತ ಅನಿಸುವುದಿಲ್ಲ. ಬೆಳಿಗ್ಗೆ ಬಣ್ಣ ಒರೆಸಿಕೊಂಡು, ಮನೆ ಜಗಲಿಯಲ್ಲಿ ಕೂತು ಚಾ ಕುಡಿಯುವ ಅದೇ ಮನುಷ್ಯ ಅಂತ ಅನಿಸುತ್ತದೆ, ಅಷ್ಟೇ.

ಇದು ಇಬ್ಬಂದಿತನವಾ? ನಂಬದಿರುವುದೂ ವಿರೋಧಿಸುವುದೂ ಒಂದೇನಾ?

ತೆಂಬರೆ · ರಾತ್ರಿ 10.05

ನಾನು ನಂಬುವವನು, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಾವನ ಮಾತು ಸರಿ ಅಂತ ನನಗೆ ಅನಿಸುವುದಿಲ್ಲ. ವಂತಿಗೆ ಕುಟುಂಬದ ಲೆಕ್ಕ, ಮನಸ್ಸಿನ ಲೆಕ್ಕ ಅಲ್ಲ.

ಆದರೆ ನನ್ನ ಬೇಜಾರು ಬೇರೆ ಉಂಟು. ನನಗೆ ವಿರೋಧ ಮಾಡುವವರ ಮೇಲೆ ಅಷ್ಟು ಸಿಟ್ಟಿಲ್ಲ. "ನನಗೆ ನಂಬಿಕೆ ಇಲ್ಲ, ಆದರೆ ನಮ್ಮ ಸಂಸ್ಕೃತಿ ಎಷ್ಟು ಚಂದ" ಅಂತ ಕ್ಯಾಮೆರಾ ಹಿಡಿದು ಬರುವವರ ಮೇಲೆ ಉಂಟು. ವಿರೋಧಿಸುವವನು ನನ್ನ ನಂಬಿಕೆಯನ್ನು ನಂಬಿಕೆ ಅಂತಲೇ ಎಣಿಸುತ್ತಾನೆ. ಇವರು ಅದನ್ನು ಯಕ್ಷಗಾನ ಮೇಳದ ಆಟದ ಹಾಗೆ ನೋಡಿ, ಊಟ ಮಾಡಿ ಹೋಗುತ್ತಾರೆ. ನಮಗೆ ಅದು ಆಟ ಅಲ್ಲ ಮಾರಾಯ್ರೆ. ಅಜ್ಜಿಗೆ ಹುಷಾರಿಲ್ಲದಾಗ ಹರಕೆ ಹೇಳಿದ ಜಾಗ ಅದು.

ಪಡುಗಾಳಿ · ರಾತ್ರಿ 10.20

ಇದು ನನಗೆ ತಾಗಿತು. ನಾನೂ ಫೋಟೋ ಹೊಡೆದವನೇ.

ಬಂದರು_ಬೈಕ್ · ರಾತ್ರಿ 11.15

ಎಲ್ಲರೂ ಎಷ್ಟು ಮರ್ಯಾದೆಯಿಂದ ಮಾತಾಡ್ತಿದ್ದೀರಿ! ನಾನು ಸ್ವಲ್ಪ ಕೆಡಿಸುತ್ತೇನೆ.

ನಾನು ನಾಸ್ತಿಕ, ಜೊತೆಗೆ ವಿರೋಧಿ. ಎರಡೂ ಬೇರೆ ಅಂತ ಗೊತ್ತು. ಮೊದಲನೆಯದು ಕಾಲೇಜಿನಲ್ಲಿ ಸುಮ್ನೆ ಓದಿ ಬಂದದ್ದು. ಎರಡನೆಯದು ನನ್ನ ಚಿಕ್ಕಮ್ಮನಿಂದ ಬಂದದ್ದು. ಎದೆಯಲ್ಲಿ ಗಂಟು ಕಂಡಿತು. ಯಾರೋ ಒಬ್ಬ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದರು. ಅವನು ಇದು ಯಾರೋ ಮಾಡಿಸಿದ್ದು ಅಂದ. ಎಂಟು ತಿಂಗಳು ಭಸ್ಮ, ತಗಡು, ಕೋಳಿ. ಆ ತಗಡು ಈಗಲೂ ನನ್ನ ಹತ್ತಿರ ಉಂಟು. ಬೆರಳಿನಷ್ಟು ಉದ್ದದ ತಾಮ್ರ, ಮೇಲೆ ಮೊಳೆಯಿಂದ ಗೀಚಿದ ಚೌಕಗಳು. ಆಸ್ಪತ್ರೆಗೆ ಹೋಗುವಾಗ ಡಾಕ್ಟರು ಕೇಳಿದ್ದು ಒಂದೇ ಮಾತು: "ಇಷ್ಟು ದಿನ ಎಲ್ಲಿದ್ದಿರಿ?"

"ನನಗೆ ನಂಬಿಕೆ ಇಲ್ಲ, ನಿಮ್ಮ ನಂಬಿಕೆ ನಿಮಗೆ" ಅಂತ ನಾನೂ ಆ ಎಂಟು ತಿಂಗಳು ಕೂತಿದ್ದೆ. ಹಾಗಾಗಿ ಸೌಮ್ಯ ನಾಸ್ತಿಕರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಕ್ಷಮಿಸಿ.

ಕಡೆಕಾರು_ಮೇಷ್ಟ್ರು · ಸೋಮವಾರ ಬೆಳಿಗ್ಗೆ 6.30

ಬಂದರು_ಬೈಕ್ ಅವರೇ, ಕ್ಷಮೆ ಬೇಡ. ಹೇಳಬೇಕಾದ್ದೇ ಹೇಳಿದ್ದೀರಿ.

ಪಡುಗಾಳಿಯವರ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮಾವ ಗಲಿಬಿಲಿ ಮಾಡಿಕೊಂಡದ್ದು ಅವರ ತಪ್ಪಲ್ಲ. ಆ ಗಲಿಬಿಲಿ ಶಬ್ದದ ಹೊಟ್ಟೆಯಲ್ಲೇ ಉಂಟು. ನಿವೃತ್ತ ಮೇಷ್ಟ್ರು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪಾಣಿನಿಯಲ್ಲಿ ಒಂದು ಸೂತ್ರ: "ಅಸ್ತಿ ನಾಸ್ತಿ ದಿಷ್ಟಂ ಮತಿಃ". 'ಇದೆ' ಅನ್ನುವ ಮತಿ ಯಾರಿಗೋ ಅವನು ಆಸ್ತಿಕ. 'ಇಲ್ಲ' ಅನ್ನುವ ಮತಿ ಯಾರಿಗೋ ಅವನು ನಾಸ್ತಿಕ. ಏನು ಇದೆ, ಏನು ಇಲ್ಲ? ಪರಲೋಕ ಅಂತ ವ್ಯಾಖ್ಯಾನಕಾರರು ಅರ್ಥ ಹೇಳಿದರು. ನೋಡಿ, ಇಲ್ಲಿ ಬೈಗುಳ ಇಲ್ಲ. ಬರೀ ಒಂದು ಅಭಿಪ್ರಾಯ. ಇವನಿಗೆ ಹೀಗೆ ಅನಿಸುತ್ತದೆ, ಅವನಿಗೆ ಹಾಗೆ.

ಮನುಸ್ಮೃತಿಗೆ ಬನ್ನಿ. "ನಾಸ್ತಿಕೋ ವೇದನಿಂದಕಃ". ನಾಸ್ತಿಕ ಅಂದರೆ ವೇದವನ್ನು ನಿಂದಿಸುವವನು, ಅವನನ್ನು ಸಜ್ಜನರು ಹೊರಗೆ ಹಾಕಬೇಕು ಅಂತ ಅದೇ ಶ್ಲೋಕ ಹೇಳುತ್ತದೆ. ಅಲ್ಲಿ 'ಅನಿಸುವುದು' ಇದ್ದದ್ದು ಇಲ್ಲಿ 'ಬೈಯುವುದು' ಆಯಿತು. ಒಂದೇ ಶಬ್ದ, ಎರಡು ಅರ್ಥ. ನೀವು ಪಾಣಿನಿಯ ನಾಸ್ತಿಕ. ನಿಮ್ಮ ಮಾವನಿಗೆ ಕೇಳಿಸಿದ್ದು ಮನುವಿನ ನಾಸ್ತಿಕ.

ಇನ್ನೂ ತಮಾಷೆ ಉಂಟು. ಹಳೆಯ ಸಾಂಖ್ಯ ದರ್ಶನದವರು ಜಗತ್ತನ್ನು ವಿವರಿಸುವಾಗ ಈಶ್ವರನನ್ನು ಕರೆಯಲೇ ಇಲ್ಲ. ಮೀಮಾಂಸಾ ದರ್ಶನದವರು ಯಜ್ಞವನ್ನು ಹಿಡಿದುಕೊಂಡರು, ಸೃಷ್ಟಿಕರ್ತ ಬೇಕಿಲ್ಲ ಅಂದರು. ಆದರೂ ಅವರೆಲ್ಲ ಆಸ್ತಿಕರು, ಯಾಕೆಂದರೆ ವೇದವನ್ನು ಒಪ್ಪಿದರು. ವೇದವನ್ನು ಒಪ್ಪದ ಜೈನರು ನಾಸ್ತಿಕರ ಪಟ್ಟಿಗೆ. ನಮ್ಮ ಕಾರ್ಕಳದ ಬಾಹುಬಲಿ, 1432ರಲ್ಲಿ ನಿಲ್ಲಿಸಿದ 42 ಅಡಿಯ ಕಲ್ಲು, ಆ ಲೆಕ್ಕದಲ್ಲಿ ನಾಸ್ತಿಕರು ಕಡೆಸಿದ್ದು! ಜೈನರಿಗೆ ಸೃಷ್ಟಿಕರ್ತ ದೇವರಿಲ್ಲ. ಹಾಗಂತ ನಂಬುವವರ ಮೇಲೆ ಹಗೆಯೂ ಇಲ್ಲ. ಧರ್ಮಸ್ಥಳ ನೋಡಿ. ಶಿವನ ಗುಡಿ, ಪೂಜೆಗೆ ವೈಷ್ಣವರು, ಹೆಗ್ಗಡೆಯವರು ಜೈನರು. ನಂಬದೆಯೂ ವಿರೋಧಿಸದೆ ಇರುವುದು ನಮ್ಮ ಕರಾವಳಿಗೆ ಹೊಸತಲ್ಲ.

ಮಲ್ಲಿಗೆ_ಅಟ್ಟೆ · ಬೆಳಿಗ್ಗೆ 8.10

ಶಂಕರಪುರದವಳು. ಬೆಳಿಗ್ಗೆ ಹೂ ಕಟ್ಟಿ ಮುಗಿಸಿ ಬರೆಯುತ್ತಿದ್ದೇನೆ, ಬೆರಳಿಗೆ ಇನ್ನೂ ಬಾಳೆ ನಾರಿನ ಅಂಟು.

ನಮ್ಮದು ಕ್ರೈಸ್ತ ಮನೆ. ಇಲ್ಲಿ ಮಲ್ಲಿಗೆ ಬೆಳೆಯುವ ಎಷ್ಟೋ ಮನೆಗಳು ನಮ್ಮವೇ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ಅಟ್ಟೆ ಹೋಗುವುದು ಎಲ್ಲಿಗೆ? ನಾಗನ ಕಟ್ಟೆಗೆ, ಕೋಲಕ್ಕೆ, ಮದುವೆಗೆ. ನಮ್ಮ ಅಮ್ಮ ದೈವವನ್ನು ನಂಬುವುದಿಲ್ಲ. ಆದರೆ ಕೋಲದ ಸೀಸನ್ ಇಲ್ಲದಿದ್ದರೆ ನನ್ನ ಫೀಸ್ ಕಟ್ಟಲು ಆಗುತ್ತಿರಲಿಲ್ಲ. ಅವರ ನಂಬಿಕೆ ಪ್ರಕಾರ ಆ ದೈವ ಇಲ್ಲ. ಅಂದರೆ ಒಂದು ದೈವದ ವಿಷಯದಲ್ಲಿ ಅಮ್ಮನೂ ನಾಸ್ತಿಕಳೇ ಅಲ್ವಾ? ವಿರೋಧಿಯಾ ಅಂತ ಕೇಳಿದರೆ, "ಹೂವಿಗೆ ಎಂತ ವಿರೋಧ" ಅನ್ನುತ್ತಾರೆ.

ನಾನು ನಾಲ್ಕು ವರ್ಷದಿಂದ ಇಗರ್ಜಿಗೆ ಹೋಗುತ್ತಿಲ್ಲ. ದೇವರು ಇದ್ದಾನೆ ಅಂತ ಅನಿಸುವುದು ನಿಂತುಹೋಯಿತು. ಯಾವ ಜಗಳವೂ ಆಗಲಿಲ್ಲ. ಫಾದರ್ ಸಿಕ್ಕಿದರೆ ಮಾತಾಡಿಸುತ್ತೇನೆ. ನನಗೆ ಅನಿಸುವುದು ಇಷ್ಟು. ನಂಬಿಕೆ ಇಲ್ಲ ಅನ್ನುವುದು ನನ್ನ ಬಗ್ಗೆ ನಾನು ಹೇಳುವ ಮಾತು. ವಿರೋಧ ಅನ್ನುವುದು ನಿಮ್ಮ ಬಗ್ಗೆ ನಾನು ಹೇಳುವ ಮಾತು. ಎರಡನೆಯದನ್ನು ಹೇಳುವ ಮೊದಲು ನಿಮ್ಮ ಮನೆಯೊಳಗೆ ಏನು ನಡೆಯುತ್ತಿದೆ ಅಂತ ನನಗೆ ಗೊತ್ತಿರಬೇಕು.

ಬಂದರು_ಬೈಕ್ · ಬೆಳಿಗ್ಗೆ 8.45

ನನಗೆ ಗೊತ್ತಿತ್ತು. ಚಿಕ್ಕಮ್ಮನ ಮನೆಯೊಳಗೆ ನಾನೇ ಇದ್ದೆ.

ಮಲ್ಲಿಗೆ_ಅಟ್ಟೆ · ಬೆಳಿಗ್ಗೆ 8.52

ಹೌದು. ಹಾಗಾದರೆ ನಿಮಗೆ ಹೇಳುವ ಹಕ್ಕು ಉಂಟು. ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಉಳ್ಳಾಲದಲೆ · ಮಧ್ಯಾಹ್ನ 1.30

ಮಲ್ಲಿಗೆಯವರ ಮಾತು ಕೇಳಲಿಕ್ಕೆ ಚಂದ. ಆದರೆ ಈ ವ್ಯತ್ಯಾಸವನ್ನು ಹೇಳುವವನು ಒಬ್ಬನೇ ತೀರ್ಮಾನ ಮಾಡಲು ಆಗುವುದಿಲ್ಲ. ಕೇಳುವವನೂ ಮಾಡುತ್ತಾನೆ.

ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಯವನು ನಾನು. "ನನಗೆ ನಂಬಿಕೆ ಇಲ್ಲ" ಅಂತ ಅಪ್ಪನ ಎದುರು ಹೇಳಿದರೆ ಅದು ನನ್ನ ಬಗ್ಗೆ ಹೇಳಿದ ಮಾತಾಗಿ ಉಳಿಯುವುದಿಲ್ಲ. ಅವರು ಬೆಳೆಸಿದ್ದು ಸರಿ ಇಲ್ಲ ಅಂತ ಆಗುತ್ತದೆ. ಊರಿಗೆ, ಜಮಾತಿಗೆ ಹೇಳಿದ ಹಾಗೆ ಆಗುತ್ತದೆ. 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ಫಾರೂಕ್ ಅನ್ನುವವರನ್ನು ಕೊಂದರು. ಪೆರಿಯಾರ್ ದಾರಿಯ ಸಂಘಟನೆಯಲ್ಲಿದ್ದವರು, ದೇವರಿಲ್ಲ ಅಂತ ಬರೆಯುತ್ತಿದ್ದರು. ಅದು ನಂಬದಿರುವುದಾ, ವಿರೋಧವಾ ಅಂತ ಕೊಂದವರು ಕೂತು ಅಳೆದು ನೋಡಲಿಲ್ಲ.

ಹಾಗಾಗಿ ನಾನು ರಂಜಾನಿನಲ್ಲಿ ಮನೆಯಲ್ಲಿದ್ದಾಗ ಉಪವಾಸ ಹಿಡಿಯುತ್ತೇನೆ. ಸಂಜೆ ಉಮ್ಮ ಖರ್ಜೂರ ಕೈಗೆ ಕೊಡುವಾಗ ಹಸಿವೆ ನಿಜವಾಗಿಯೇ ಇರುತ್ತದೆ. ಇದನ್ನು ಇಬ್ಬಂದಿತನ ಅಂತ ಯಾರಾದರೂ ಕರೆದರೆ ಕರೆಯಲಿ.

ತೆಂಬರೆ · ಮಧ್ಯಾಹ್ನ 2.00

ಉಳ್ಳಾಲದಲೆ ಅವರೇ, ಯಾರೂ ಕರೆಯುವುದಿಲ್ಲ.

ಕಡೆಕಾರು_ಮೇಷ್ಟ್ರು · ಸಂಜೆ 5.15

ಕಾನೂನು ಮಾತ್ರ ಇದನ್ನು ಸ್ವಲ್ಪ ಅಳೆದು ನೋಡಿದೆ. ಸಂವಿಧಾನದ 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ನಂಬುವುದು ಎಷ್ಟು ಹಕ್ಕೋ ನಂಬದಿರುವುದೂ ಅಷ್ಟೇ. 2014ರಲ್ಲಿ ಬಾಂಬೆ ಹೈಕೋರ್ಟು ಸರ್ಕಾರಿ ಅರ್ಜಿಯಲ್ಲಿ 'ಧರ್ಮ ಇಲ್ಲ' ಅಂತ ಹೇಳಬಹುದು ಅಂದಿತು. ವಿರೋಧಕ್ಕೂ ಜಾಗ ಉಂಟು, ಆದರೆ ಗಡಿ ಹಾಕಿದ್ದಾರೆ. ಬ್ರಿಟಿಷರ ಕಾಲದಲ್ಲಿ, 1927ರಲ್ಲಿ ದಂಡ ಸಂಹಿತೆಗೆ ಸೇರಿಸಿದ 295ಎ ಕಲಮು, ಈಗಿನ ನ್ಯಾಯ ಸಂಹಿತೆಯ 299. ಬೇಕೆಂದೇ, ದುರುದ್ದೇಶದಿಂದ ಧರ್ಮಕ್ಕೋ ನಂಬಿಕೆಗೋ ಅವಮಾನ ಮಾಡಿದರೆ ಅಪರಾಧ. ಆ 'ದುರುದ್ದೇಶ'ವನ್ನು ಯಾರು ಹೇಗೆ ಎಳೆಯುತ್ತಾರೆ ಅನ್ನುವುದು ಬೇರೆ ರಾಮಾಯಣ.

ಇನ್ನೊಂದು ಮಾತು ಬಿಟ್ಟುಹೋಗುತ್ತಿದೆ. ವಿರೋಧ ನಾಸ್ತಿಕರ ಗುತ್ತಿಗೆ ಅಂತ ಎಲ್ಲರೂ ತಿಳಿದ ಹಾಗಿದೆ. ನಮ್ಮ ಕರಾವಳಿಯಲ್ಲಿ ಭೂತಾರಾಧನೆಗೆ, ಅಂದರೆ ಈ ದೈವಗಳ ಪೂಜೆಗೆ ವಿರೋಧ ಬರೆದಿಟ್ಟವರು ಯಾರು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು. ದೆವ್ವದ ಪೂಜೆ ಅಂತಲೇ ಬರೆದರು. ನಾಸ್ತಿಕರಾ? ಅವರಿಗಿಂತ ಗಟ್ಟಿ ಆಸ್ತಿಕರು ಇರಲಿಲ್ಲ. ಕುದ್ಮುಲ್ ರಂಗರಾಯರು ಬ್ರಹ್ಮಸಮಾಜದವರು. ಮೂರ್ತಿಪೂಜೆ ಬೇಡ, ಜಾತಿ ಬೇಡ ಅಂದರು, 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮನೆಮಠದವರ ಬೈಗುಳ ತಿಂದರು. ಆದರೆ ದೇವರನ್ನು ಬಿಡಲಿಲ್ಲ.

ಮಂಗಳೂರಿನ ಕುದ್ರೋಳಿ ಗೋಕರ್ಣನಾಥನನ್ನು 1912ರಲ್ಲಿ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಒಂದೇ ಜಾತಿ, ಒಂದೇ ಮತ, ಒಬ್ಬನೇ ದೇವರು ಅಂದರು. ಅವರದೇ ಶಿಷ್ಯ ಸಹೋದರನ್ ಅಯ್ಯಪ್ಪನ್ ಅದನ್ನು ತಿರುಗಿಸಿ ಜಾತಿ ಬೇಡ, ಮತ ಬೇಡ, ದೇವರೂ ಬೇಡ ಅಂದರು. 1917ರಲ್ಲಿ ಎಲ್ಲ ಜಾತಿಯವರನ್ನು ಒಟ್ಟಿಗೆ ಕೂರಿಸಿ ಊಟ ಮಾಡಿಸಿದರು. ಗುರುಗಳು ಶಿಷ್ಯನನ್ನು ದೂರ ಮಾಡಲಿಲ್ಲ. ಕೇರಳದವರು ಅಂತ ನಾವು ಇಲ್ಲಿ ಅಯ್ಯಪ್ಪನ್ ಹೆಸರು ಹೇಳುವುದು ಕಡಿಮೆ.

ಪಡುಗಾಳಿ · ರಾತ್ರಿ 9.00

ಮೇಷ್ಟ್ರೇ, ಮಡೆಸ್ನಾನದ ವಿಷಯವೂ ಹೀಗೇ ಅಲ್ವಾ? ಕುಕ್ಕೆಯಲ್ಲಿ ಎಂಜಲೆಲೆಯ ಮೇಲೆ ಉರುಳುವುದು ನಿಲ್ಲಬೇಕು ಅಂತ ಹೋರಾಡಿದವರಲ್ಲಿ ನಿಡುಮಾಮಿಡಿ ಸ್ವಾಮೀಜಿ ಇದ್ದರು. ಮಠದ ಸ್ವಾಮಿ! ಇತ್ತ ಉರುಳುವವರನ್ನು ಕಂಡು "ಅವರ ಇಷ್ಟ ಬಿಡಿ" ಅಂದ ನಾಸ್ತಿಕರನ್ನೂ ನಾನು ಕಂಡಿದ್ದೇನೆ. ಒಬ್ಬ ನಂಬಿ ವಿರೋಧಿಸಿದ. ಇನ್ನೊಬ್ಬ ನಂಬದೆ ಸುಮ್ಮನಿದ್ದ. ಕೊನೆಗೆ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅದು ಬಂತು. ಆ ಕಾಯ್ದೆ ಪ್ರದಕ್ಷಿಣೆ, ಯಾತ್ರೆ, ಕೀರ್ತನೆಗಳನ್ನು ಮುಟ್ಟಲಿಲ್ಲ. ಅಂದರೆ ಅದು ಆಚರಣೆಯನ್ನು ವಿರೋಧಿಸಿತು, ನಂಬಿಕೆಯನ್ನಲ್ಲ.

ಬಂದರು_ಬೈಕ್, ನಿಮ್ಮ ಸಿಟ್ಟು ಆ ಮಂತ್ರವಾದಿಯ ಮೇಲಾ, ಚಿಕ್ಕಮ್ಮನ ನಂಬಿಕೆಯ ಮೇಲಾ? ಚುಚ್ಚಲು ಕೇಳುತ್ತಿಲ್ಲ.

ಬಂದರು_ಬೈಕ್ · ರಾತ್ರಿ 11.50

ಮೊದಲು ಅವನ ಮೇಲೆ ಅಂತ ಬರೆದು ಅಳಿಸಿದೆ.

ಎರಡರ ಮೇಲೂ. ಅವನು ಕಳ್ಳ. ಕಳ್ಳನಿಗೆ ಕಾನೂನು ಉಂಟು. ಮಂತ್ರ ತಾಯಿತದಿಂದ ಕ್ಯಾನ್ಸರ್ ಗುಣ ಅಂತ ಜಾಹೀರಾತು ಹಾಕಬಾರದು ಅನ್ನುವ ಕಾಯ್ದೆ 1954ರಿಂದಲೇ ಇದೆ. ಆದರೆ ಅವನ ಬಾಗಿಲು ತನಕ ಚಿಕ್ಕಮ್ಮನನ್ನು ಕರೆದುಕೊಂಡು ಹೋದದ್ದು ಏನು? ಚಿಕ್ಕಂದಿನಿಂದ ಯಾರೂ ಪ್ರಶ್ನೆ ಮಾಡದ ನಂಬಿಕೆ. ಒಳ್ಳೆಯ ಹರಕೆಗೂ ಕೆಟ್ಟ ಭಸ್ಮಕ್ಕೂ ನಡುವೆ ಗೋಡೆ ಉಂಟು ಅಂತ ನೀವೆಲ್ಲ ಹೇಳ್ತೀರಿ. ನನಗೆ ಬಾಗಿಲು ಕಾಣುತ್ತದೆ. ಯಾವಾಗಲೂ ತೆರೆದೇ ಇರುವ ಬಾಗಿಲು.

ನಮ್ಮ ಮಂಗಳೂರಿನ ನರೇಂದ್ರ ನಾಯಕ್ ಎಷ್ಟು ವರ್ಷದಿಂದ ಊರೂರು ಸುತ್ತಿ ಪವಾಡಗಳ ಗುಟ್ಟು ತೋರಿಸುತ್ತಿದ್ದಾರೆ. ಬರೀ ನಂಬದೆ ಮನೆಯಲ್ಲಿ ಕೂತಿದ್ದರೆ ಆ ಕೆಲಸ ಆಗುತ್ತಿತ್ತಾ? ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು 1976ರಲ್ಲಿ, ಕುಲಪತಿ ಕುರ್ಚಿಯಲ್ಲಿ ಕೂತುಕೊಂಡೇ, ಪವಾಡ ಪರೀಕ್ಷೆಗೆ ಸಮಿತಿ ಮಾಡಿದರು. ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ರೀತಿ ವಿರೋಧಿಗಳೇ.

ಕಡೆಕಾರು_ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6.20

ಒಪ್ಪುತ್ತೇನೆ, ಅರ್ಧ. ಪವಾಡವನ್ನು ಪರೀಕ್ಷೆ ಮಾಡುವುದು ಪ್ರಶ್ನೆ ಕೇಳುವುದು. ಉತ್ತರ ಕೊಡುವ ಅವಕಾಶ ಎದುರಿನವನಿಗೆ ಇರುತ್ತದೆ. 1967ರಲ್ಲಿ ಅಲ್ಬೇನಿಯಾ ಮಾಡಿದ್ದು ಬೇರೆ. ಮಸೀದಿ, ಇಗರ್ಜಿ ಎಲ್ಲ ಮುಚ್ಚಿಸಿ, ತನ್ನನ್ನು ನಾಸ್ತಿಕ ದೇಶ ಅಂತ ಕರೆದುಕೊಂಡಿತು. ಅಲ್ಲಿ ನಂಬದವನಿಗೆ ಏನು ಸಿಕ್ಕಿತು? ಯೋಚಿಸಿ ನಂಬಿಕೆ ಬಿಟ್ಟವನೂ ಹೆದರಿ ಬಿಟ್ಟವನೂ ಒಂದೇ ಲೆಕ್ಕಕ್ಕೆ ಸೇರಿದರು.

ಎದುರು ಮಾದರಿಯೂ ಉಂಟು. ಆಂಧ್ರದ ಗೋರಾ, ಗೋಪರಾಜು ರಾಮಚಂದ್ರ ರಾವ್. 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ದೇವರಿಲ್ಲ ಅಂತ ಗಾಂಧಿಯ ಎದುರೇ ಹೇಳಿ, ಗಾಂಧಿಯ ಜೊತೆಯೇ ಅಸ್ಪೃಶ್ಯತೆ ವಿರುದ್ಧ ಕೆಲಸ ಮಾಡಿದರು. ಇಬ್ಬರೂ ಒಬ್ಬರನ್ನೊಬ್ಬರು ಬದಲಾಯಿಸಲು ನೋಡಿದರು. ಇಬ್ಬರಿಗೂ ಆಗಲಿಲ್ಲ.

ತೆಂಬರೆ · ಬೆಳಿಗ್ಗೆ 9.30

ನಮ್ಮ ಕೋಟದ ಕಾರಂತರನ್ನು ಮರೆತಿರಾ? ದೇವರ ವಿಷಯದಲ್ಲಿ ಅವರದ್ದು ಸಂಶಯವೇ. ಆದರೆ ಯಕ್ಷಗಾನಕ್ಕೆ ಅವರಷ್ಟು ಬೆವರು ಸುರಿಸಿದ ಭಕ್ತರು ಎಷ್ಟು ಜನ? ಮೊನ್ನೆ ಕ್ಯಾಮೆರಾದವರಿಗೆ ಬೈದೆನಲ್ಲ, ಅದನ್ನು ಸ್ವಲ್ಪ ಹಿಂದೆ ತೆಗೆದುಕೊಳ್ಳುತ್ತೇನೆ. ಪೂರ್ತಿ ಅಲ್ಲ.

ಬಂದರು_ಬೈಕ್, ನಾನು ಹರಕೆ ಹೇಳಿದ ದಿನವೇ ಅಜ್ಜಿಯನ್ನು ಆಸ್ಪತ್ರೆಗೂ ಸೇರಿಸಿದ್ದೆ. ನಮ್ಮ ದೈವ ಯಾವತ್ತೂ ಮದ್ದು ಬಿಡು ಅಂತ ನುಡಿ ಕೊಟ್ಟಿಲ್ಲ. ಕೊಟ್ಟರೆ ನಾನೇ ಎದ್ದು ಕೇಳುತ್ತೇನೆ. ನುಡಿಯನ್ನು ಕೇಳಿ, ಎದುರು ಮಾತಾಡುವುದೂ ನಮ್ಮ ಕ್ರಮದಲ್ಲೇ ಉಂಟು. ನೀವು ಒಂದು ಸಲ ಬಂದು ನೋಡಿ. ನಂಬಬೇಡಿ.

ಬಂದರು_ಬೈಕ್ · ಬೆಳಿಗ್ಗೆ 9.41

ಬರ್ತೇನೆ. ಆದರೆ ಅಲ್ಲೂ ಪ್ರಶ್ನೆ ಕೇಳ್ತೇನೆ.

ತೆಂಬರೆ · ಬೆಳಿಗ್ಗೆ 9.42

ಮದಿಪು (ದೈವಕ್ಕೆ ಮಾಡುವ ಅರಿಕೆ) ಮುಗಿದ ಮೇಲೆ ಕೇಳಿ ಮಾರಾಯ್ರೆ. ಅಷ್ಟು ತಾಳಿ.

ಪಡುಗಾಳಿ · ಮೂರು ವಾರದ ನಂತರ, ಭಾನುವಾರ ಮಧ್ಯಾಹ್ನ

ಕೋಲ ಮುಗಿಯಿತು. ನಿದ್ದೆ ಇಲ್ಲದೆ ಬರೆಯುತ್ತಿದ್ದೇನೆ.

ಕೋಲದ ಹಿಂದಿನ ದಿನವೇ ಹೋಗಿ ಮಾವನ ಎದುರು ಕೂತೆ. "ನನಗೆ ನಂಬಿಕೆ ಇಲ್ಲ ಮಾವ. ನೀವು ನಂಬುವುದಕ್ಕೆ ನನ್ನ ತಕರಾರಿಲ್ಲ. ಯಾರನ್ನಾದರೂ ಬೇರೆ ಪಂಕ್ತಿಯಲ್ಲಿ ಕೂರಿಸಿದರೆ ಮಾತ್ರ ತಕರಾರು ಉಂಟು" ಅಂದೆ. ಕೊನೆಯದನ್ನು ಹೇಳಬೇಕು ಅಂತ ಹೋಗಿರಲಿಲ್ಲ, ಬಾಯಿಗೆ ಬಂತು. ನಿಮ್ಮ ಜೊತೆ ಮಾತಾಡಿದ ಪರಿಣಾಮ ಇರಬೇಕು. ದೈವ ಕಟ್ಟುವವರ ಮನೆಯವರು ಹಿತ್ತಲ ಬದಿಯಲ್ಲಿ ಊಟ ಮಾಡುವುದು ನಾನು ಚಿಕ್ಕಂದಿನಿಂದ ನೋಡಿದ್ದು. ರಾತ್ರಿ ಇಡೀ ಅವರ ಕಾಲಿಗೆ ಬೀಳುತ್ತೇವೆ, ಬೆಳಿಗ್ಗೆ ಹಿತ್ತಲಲ್ಲಿ ಎಲೆ ಹಾಕುತ್ತೇವೆ.

ಮಾವ ಬಹಳ ಹೊತ್ತು ಎಲೆ ಅಡಿಕೆ ಅಗಿದರು. "ಅದು ನಂಬಿಕೆಯ ವಿಷಯ ಅಲ್ಲ, ಮೊದಲಿಂದ ಬಂದದ್ದು" ಅಂದರು. "ಹಾಗಾದರೆ ಬದಲಾಯಿಸಬಹುದಲ್ಲ" ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ಇವತ್ತು ಬೆಳಿಗ್ಗೆ ಚಾವಡಿಯ ಪಂಕ್ತಿಯಲ್ಲಿ ದೈವ ಕಟ್ಟುವವರ ಮನೆಯವರಿಗೂ ಎಲೆ ಹಾಕಿದ್ದು ಅಕ್ಕನ ಮಗಳು. ಯಾರೂ ಎಬ್ಬಿಸಲಿಲ್ಲ. ಇಬ್ಬರು ಹಿರಿಯರು ಊಟಕ್ಕೆ ಕೂರದೆ ಹೋದರು. ಅವರ ಪಾಲಿಗೆ ನಾನೀಗ ವಿರೋಧಿ, ಬೇಸರ ಇಲ್ಲ.

ಲೆಕ್ಕದ ಪುಸ್ತಕದಲ್ಲಿ ನನ್ನ 5,000ವನ್ನು ಸೇವೆಯಿಂದ ತೆಗೆದು ಊಟದ ಖರ್ಚಿಗೆ ಹಾಕಿ ಅಂತ ಮಾವನಿಗೆ ಹೇಳಿದ್ದೆ. ಈಗ ನೋಡಿದೆ. ಸೇವೆ ಅನ್ನುವುದನ್ನು ಹೊಡೆದು ಹಾಕಿದ್ದಾರೆ. ಪಕ್ಕದಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ "ಇತರೆ".

ಮಲ್ಲಿಗೆ_ಅಟ್ಟೆ · ಭಾನುವಾರ ಮಧ್ಯಾಹ್ನ

2011ರ ಜನಗಣತಿಯಲ್ಲಿ ಧರ್ಮ ಹೇಳದವರು ಸುಮಾರು 28.7 ಲಕ್ಷ. ನಿಮ್ಮ ಮಾವ ನಿಮ್ಮನ್ನು ದೊಡ್ಡ ಸಂಸಾರಕ್ಕೇ ಸೇರಿಸಿದ್ದಾರೆ. ಹೂ ಎಲ್ಲಿಂದ ತರಿಸಿದ್ದು?

ಪಡುಗಾಳಿ · ಭಾನುವಾರ ಮಧ್ಯಾಹ್ನ

ಶಂಕರಪುರದ್ದೇ. ಹನ್ನೆರಡು ಅಟ್ಟೆ. ರೇಟು ಮಾತ್ರ ಕೇಳಬೇಡಿ.